ಚಿಕ್ಕಮುನಿಯಪ್ಪನವರ ಕಾರಿಗೆ ಪ್ರೈಮರ್

ಕಿಟಕಿಯ ಪರದೆಯನ್ನು ಒಗೆಯಲು ತೆಗೆದದ್ದೇ ಅಮರೇಶನ ತಪ್ಪು. ಪರದೆ ಇದ್ದಿದ್ದರೆ, ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತ ಅಡ್ಡಾಡುತ್ತಿದ್ದ ಮನೆಯ ಓನರ್ ವೆಂಕಟೇಶಪ್ಪನವರಿಗೆ ಮೇಜಿನ ಮೇಲಿದ್ದ ಗೇಣುದ್ದದ ಪ್ಲಾಸ್ಟಿಕ್ ಫಿಯೆಟ್ ಕಾರು ಕಾಣುತ್ತಿರಲಿಲ್ಲ. ಕಂಡಿತು. ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು, ಬೋಳಿಸಿ ಹತ್ತು ದಿನವಾಗಿದ್ದ ತಲೆಯನ್ನು ಅವರು ಕಿಟಕಿಯ ಸರಳಿಗೆ ಒತ್ತಿದರು.

"ಇದು ನಮ್ಮಪ್ಪನ ಕಾರಲ್ವೇನ್ರೀ!"

ಅವರಪ್ಪ ಚಿಕ್ಕಮುನಿಯಪ್ಪ ತೀರಿಕೊಂಡು ಅಂದಿಗೆ ಹನ್ನೊಂದನೇ ದಿನ. ತಿಥಿ. ದೊಡ್ಡನೆಕ್ಕುಂದಿ ನಗರಕ್ಕೆ ಸೇರದೆ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಆ ಊರಿನ ಮೊದಲ ಫಿಯೆಟ್ ಕಾರು ಅವರದು. ಕಾರು ಗುಜರಿ ಸೇರಿ ಇಪ್ಪತ್ತು ವರ್ಷವಾದರೂ ಮುದುಕರು ಸಾಯುವ ಮುಂಚಿನ ವಾರದಲ್ಲೂ ಮಂಚದ ಮೇಲೆ ಕೂತು ಗೇರು ಹಾಕುತ್ತಿದ್ದರಂತೆ.

"ಎಡೇಗೆ ಮುದ್ದೆ, ಕೋಳಿ ಸಾರು, ಬೀಡಿ ಕಟ್ಟು, ಬಾಟ್ಲಿ ಎಲ್ಲಾ ಇಡ್ತಿದೀವಿ ಸಾರ್. ಅಪ್ಪಂಗೆ ಪ್ರಾಣ ಅಂದ್ರೆ ಕಾರು. ಅದೊಂದು ಇಡಕ್ಕಾಗಲ್ವಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ನೋಡಿದ್ರೆ ನಮ್ಮನೇಲೇ ಐತೆ! ಬಣ್ಣ ಒಂದು ಬಳಿದ್ಬುಡಿ."

"ಸಾರ್, ಇದಕ್ಕೆ ಮೊದಲು ಪ್ರೈಮರ್, ಅಂದ್ರೆ ತಳದ ಬಣ್ಣ, ಆಗ್ಬೇಕು. ಅದು ಒಣಗ್ಬೇಕು. ಆಮೇಲೆ ಬಣ್ಣ ಮೂರು ಸಲ. ನಲವತ್ತೆಂಟು ಗಂಟೆ ಆದ್ರೂ..."

"ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಕಾಗೆ ಮುಟ್ಬೇಕು," ಎಂದು ವೆಂಕಟೇಶಪ್ಪ ಉಗಿದು ಬಾಯಿ ತೊಳೆದರು. ಆಮೇಲೆ ಮೆತ್ತಗೆ ಸೇರಿಸಿದರು: "ನಿಮ್ಮ ಅಗ್ರಿಮೆಂಟೂ ಈ ತಿಂಗ್ಳಿಗೆ ಮುಗೀತಲ್ವಾ? ಕಾರ್ಯ ಒಂದು ಮುಗೀಲಿ, ಕೂತ್ಕಂಡು ಮಾತಾಡಣ."

ಅಮರೇಶ ಪ್ರೈಮರ್ ಡಬ್ಬಗಳನ್ನು ಹೊರಗೆ ತೆಗೆದ.

ಆ ನೆಲಮಹಡಿಯ ಮನೆ ಅವನಿಗೆ ಬರೀ ಮನೆಯಾಗಿರಲಿಲ್ಲ. ಅವನ ತಾಯಿ ಮಹಾಂತಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಹಿಂದಿನ ರಸ್ತೆಯಲ್ಲೇ ಇತ್ತು. ಆಕೆಗೆ ಮೂರು ಮೆಟ್ಟಿಲು ಹತ್ತಿದರೆ ಮುಖ ಸುಣ್ಣವಾಗುತ್ತಿತ್ತು. ಎರಡು ತಿಂಗಳಿಂದ ಅವನು ಹನ್ನೊಂದು ಮನೆ ನೋಡಿದ್ದ. ಹನ್ನೊಂದಕ್ಕೂ ಮೆಟ್ಟಿಲಿದ್ದವು, ಒಂದಕ್ಕೂ ಲಿಫ್ಟಿರಲಿಲ್ಲ. ಇತ್ತ ವೆಂಕಟೇಶಪ್ಪನವರ ಮಗ ಹರ್ಷವರ್ಧನ್ ಇದೇ ಮನೆಯನ್ನು ಒಡೆದು ಜಿಮ್ ಮಾಡುತ್ತೇನೆಂದು ಓಡಾಡುತ್ತಿದ್ದ. ವೆಂಕಟೇಶಪ್ಪ ಮಗನಿಗೆ ಹೂಂ ಅಂದಿರಲಿಲ್ಲ, ಅಮರೇಶನಿಗೂ ಅಂದಿರಲಿಲ್ಲ.

ಅಮರೇಶ ರಸಾಯನಶಾಸ್ತ್ರ ಓದಿದವನು. ಲೋಹಕ್ಕೆ ಬಳಿದ ಬಣ್ಣ ಎಷ್ಟು ವರ್ಷ ತಾಳುತ್ತದೆಂದು ಪರೀಕ್ಷಿಸುವ ಲ್ಯಾಬಿನಲ್ಲಿ ಅವನ ಕೆಲಸ. ಮನೆಗೆ ಬಂದರೂ ಬಣ್ಣವೇ. ಆ ಕಾರಿನ ಬಿಡಿಭಾಗಗಳನ್ನು ಅಂಟಿಸಿ ಏಳು ತಿಂಗಳಾಗಿತ್ತು; ಪ್ರೈಮರ್ ಬಿಳಿಯದೋ ಬೂದಿಯದೋ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಬಿಳಿಯ ಮೇಲೆ ಬಣ್ಣ ಉರಿಯುತ್ತದೆ, ಬೂದಿಯ ಮೇಲೆ ಅದೇ ಬಣ್ಣ ತಣ್ಣಗೆ ಕೂರುತ್ತದೆ. ಪರೀಕ್ಷೆಗೆಂದು ಪ್ಲಾಸ್ಟಿಕ್ ಚಮಚಗಳಿಗೆ ಬಣ್ಣ ಹೊಡೆದು ಥರ್ಮಾಕೋಲಿಗೆ ಚುಚ್ಚಿಟ್ಟಿದ್ದ. ಮೂವತ್ತೊಂದು ಚಮಚಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿದ್ದವು. ಒಂದೊಂದರ ಬೆನ್ನಿಗೂ ಸಂಖ್ಯೆ, ತಾರೀಖು, ಅಂದಿನ ಗಾಳಿಯ ತೇವ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಶಿವನಿಗೂ ತಿಳಿಯದು ಎಂಬುದು ಅವನ ನಿಯಮ.

"ಹೆಣ್ಣು ನೋಡಾಕ ಹೋದಾಗ ಇಷ್ಟು ವಿಚಾರ ಮಾಡಿದ್ರ, ಇಷ್ಟೊತ್ತಿಗೆ ನನ್ನ ಮೊಮ್ಮಕ್ಕಳು ಈ ಕಾರು ಮುರದು ಹಾಕ್ತಿದ್ವು," ಎಂದು ಮಹಾಂತಮ್ಮ ಮಂಚದ ಮೇಲಿಂದ ಹೇಳಿದಳು.

ಹತ್ತು ಗಂಟೆಗೆ ವೆಂಕಟೇಶಪ್ಪನವರ ಮನೆಯವರೆಲ್ಲ ಬಂದು ಸೇರಿದರು. ಕಾರಿನ ಬಣ್ಣ ಯಾವುದು?

"ಬೆಣ್ಣೆ ಬಣ್ಣ," ಎಂದರು ವೆಂಕಟೇಶಪ್ಪ.

"ನಿನ್ ತಲೆ," ಎಂದಳು ಅವರ ತಾಯಿ ನಾಗಲಕ್ಷ್ಮಮ್ಮ. "ನನ್ನ ಮದ್ವೆ ಆದ್ಮ್ಯಾಲೆ ತಂದಿದ್ದು, ನಂಗೊತ್ತಿಲ್ವಾ? ನೀಲಿ. ಆಕಾಸದಂಗಿತ್ತು."

ಹರ್ಷವರ್ಧನ್ ಮೊಬೈಲಿನಲ್ಲಿ ಸಾಕ್ಷಿ ತೆಗೆದ. "ಅಜ್ಜಿ, ಅಪ್ಪ, ಇಬ್ರೂ ಸುಮ್ನಿರಿ. ಫೋಟೋನೇ ಐತೆ." ಫೋಟೋ ಇತ್ತು. ಕಪ್ಪು ಬಿಳುಪಿನದು.

ತಾಯಿ ಮಗನ ವಾದ ಕಾರಿನಿಂದ ಜಮೀನಿನ ಕಡೆಗೆ, ಜಮೀನಿನಿಂದ ಸೊಸೆಯ ಕಡೆಗೆ ಹೊರಳತೊಡಗಿತು. ಆಗ ಅಮರೇಶನಿಗೆ ಬುದ್ಧಿವಂತಿಕೆ ಹೊಳೆಯಿತು. ಹೊಳೆಯಬಾರದಿತ್ತು.

"ಈ ಮನೆ ಮೊದಲು ಕಾರಿನ ಷೆಡ್ಡಾಗಿತ್ತು ಅಂದಿದ್ರಲ್ಲ ಸಾರ್?"

"ಹೂಂ. ಗೋಡೆ ಅದೇ ಹಳೇ ಚಪ್ಪಡಿ ಕಲ್ಲು. ಅದ್ರ ಮೇಲೇ ಕಟ್ಟಿದ್ದು. ಯಾಕೆ?"

ಅಮರೇಶ ತಾಯಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ. ಮಂಚ ಸರಿಸಿ, ಮೊಣಕಾಲೆತ್ತರದಲ್ಲಿ ಗೋಡೆಯ ಸುಣ್ಣವನ್ನು ಬ್ಲೇಡಿನಿಂದ ಕೆರೆದ. ಒಳಗಿನ ಕಲ್ಲಿನ ಮೇಲೆ ಉದ್ದಕ್ಕೊಂದು ಗೀರು ಕಾಣಿಸಿತು. ಮುದುಕರು ಕಾರು ಒಳಗೆ ತರುವಾಗಲೆಲ್ಲ ಎಡಗಡೆ ಉಜ್ಜುತ್ತಿದ್ದರು. ಉಜ್ಜಿದಾಗಲೆಲ್ಲ ಕಾರಿನ ಬಣ್ಣ ಕಲ್ಲಿಗೆ ಮೆತ್ತಿಕೊಂಡಿತ್ತು. ಅಮರೇಶ ಭೂತಗನ್ನಡಿ ಹಿಡಿದ. ಕಲ್ಲಿಗೆ ಅಂಟಿದಂತೆ ನೀಲಿ. ಅದರ ಮೇಲೆ ಬೆಣ್ಣೆ ಬಣ್ಣ. ಎಲ್ಲಕ್ಕೂ ಮೇಲೆ ಹಸಿರು.

"ಇಬ್ಬರೂ ಹೇಳಿದ್ದು ಸರಿ. ಆದ್ರೆ ಕೊನೇಲಿ ಇದ್ದದ್ದು ಹಸಿರು."

ನಾಗಲಕ್ಷ್ಮಮ್ಮ ಬಗ್ಗಿ ಗೀರಿನ ಮೇಲೆ ಬೆರಳಾಡಿಸಿದಳು. "ಊಂ ಕಣಪ್ಪ. ಎಲೆಕ್ಷನ್ ಸೋತ ವರ್ಸ, ಬಾಗ್ಲಿಗೆ ಬಳ್ದು ಮಿಕ್ಕಿದ್ದ ಬಣ್ಣಾನೇ ಕಾರಿಗೂ ಬಳ್ದಿದ್ರು. ಜಿಪುಣ ಮುಂಡೇದು." ಹಾಗಂದವಳು ಗೋಡೆಗೆ ಹಣೆ ಹಚ್ಚಿ ಅತ್ತಳು. "ಇಲ್ಲೇ ನಿಲ್ಲಿಸ್ತಿದ್ರು. ಇದೇ ಜಾಗ. ನನ್ನಪ್ಪಾ, ಎಂಥಾ ಜಾಗ ತೋರಿಸ್ದೆ!"

ವೆಂಕಟೇಶಪ್ಪನವರೂ ಕಣ್ಣೊರೆಸಿಕೊಂಡರು. ಅಮರೇಶನಿಗೆ ಒಳಗೊಳಗೇ ಹಿಗ್ಗು. ಅಗ್ರಿಮೆಂಟು ಆಯಿತೆಂದೇ ಅಂದುಕೊಂಡ.

ಹಸಿರಿಗೆ ಬೂದಿ ಪ್ರೈಮರೇ ಸರಿ ಎಂದು ಅವನ ಮನಸ್ಸು ಹೇಳುತ್ತಿತ್ತು. ಮನಸ್ಸಿನ ಮಾತು ಪುರಾವೆಯಲ್ಲ. ಮೂವತ್ತೆರಡನೆಯ ಚಮಚಕ್ಕೆ ಬೂದಿಯ ಮೇಲೆ ಹಸಿರು ಹೊಡೆದು, ಅದು ಒಣಗುವಷ್ಟರಲ್ಲಿ ತಾಯಿಗೆ ಊಟ ಕೊಡಲು ಅಡುಗೆಮನೆಗೆ ಹೋದ. ಆಕೆಗೆ ನೀರನ್ನು ಅಳೆದು ಕೊಡಬೇಕಾಗಿತ್ತು, ಉಪ್ಪನ್ನು ಹಾಕದೇ ಕೊಡಬೇಕಾಗಿತ್ತು.

ಅತ್ತ ಎಡೆಗೆ ಹೊತ್ತಾಗುತ್ತಿತ್ತು. ಹರ್ಷವರ್ಧನ್ ಒಳಗೆ ಬಂದು ನೋಡಿದರೆ, ಬಣ್ಣ ಹಚ್ಚಿಸಿಕೊಂಡು ಒಂದು ಚಮಚ ನಿಂತಿದೆ, ಕಾರು ಬೆತ್ತಲೆ ಕೂತಿದೆ. ಅವನ ಸ್ಕೂಟರಿನ ಡಿಕ್ಕಿಯಲ್ಲಿ ಅದಕ್ಕೆ ಹೊಡೆಯುವ ಹಸಿರು ಸ್ಪ್ರೇ ಡಬ್ಬವಿತ್ತು. ತಂದ. ಗಡಗಡ ಕುಲುಕಿದ. ಬರಿ ಪ್ಲಾಸ್ಟಿಕ್ಕಿನ ಮೇಲೆ ಒಂದೇ ಸಮ ಹೊಡೆದ.

ವಾಸನೆ ಬಡಿದು ಅಮರೇಶ ತಟ್ಟೆ ಹಿಡಿದೇ ಓಡಿ ಬಂದ.

"ಅಯ್ಯೋ, ಏನು ಮಾಡಿದ್ರಿ! ಅದು ಲೋಹಕ್ಕೆ ಹೊಡೆಯೋದು! ಥಿನ್ನರ್ ಪ್ಲಾಸ್ಟಿಕ್ ತಿಂದುಬಿಡುತ್ತೆ!"

"ಏನಾಗಲ್ಲ ಬಿಡು ಗುರು. ಸಕ್ಕತ್ತಾಗಿ ಕೂತೈತೆ."

ಕೂತಿರಲಿಲ್ಲ. ಇಬ್ಬರೂ ನೋಡುತ್ತಿದ್ದಂತೆ ಕಾರಿನ ಟಾಪು ಕಾದ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮುದುಡಿತು. ಬಾನೆಟ್ಟಿನ ಮೇಲೆ ಸುಕ್ಕು ಎದ್ದಿತು. ಏಳು ತಿಂಗಳು ಬಿಳಿಯೋ ಬೂದಿಯೋ ಎಂದು ಕಾದ ಕಾರು ಏಳು ನಿಮಿಷದಲ್ಲಿ ಮುದಿಯಾಯಿತು. ಅಮರೇಶನ ಕಣ್ಣಿಗೆ ಕಾರು ಕಾಣಲಿಲ್ಲ; ಸಾಮಾನು ತುಂಬಿದ ಟೆಂಪೋ ಕಂಡಿತು, ಟೆಂಪೋದ ಮುಂದಿನ ಸೀಟಿನಲ್ಲಿ ತಾಯಿ ಕಂಡಳು.

ಕೋಳಿ ಸಾರಿನ ಪಾತ್ರೆ ಹೊತ್ತು ಬಂದ ನಾಗಲಕ್ಷ್ಮಮ್ಮ ಬಾಗಿಲಲ್ಲೇ ನಿಂತಳು. "ಇದೇ! ಇದೇ ಕಣ್ರೋ! ಉಣಿಸೇ ಕೊಂಬೆ ಮುರ್ದು ಬಿದ್ದಾಗ ಮ್ಯಾಲ್ಗಡೆ ಇಂಗೇ ನಗ್ಗಿತ್ತು. ರಿಪೇರಿ ಮಾಡ್ಸದೇ ಅಂಗೇ ಓಡಾಡುದ್ರು ಮಾರಾಯ. ಇದ್ನೆಲ್ಲ ಎಂಗಪ್ಪಾ ತಿಳ್ಕಂಡೆ ನೀನು?"

"ಕಲ್ಲಿನ ಮೇಲೆ ಗೀರು ನೋಡಿ ತಿಳ್ಕೊಂಡ್ರು ಅಜ್ಜಿ," ಎಂದು ಹರ್ಷವರ್ಧನ್ ಡಬ್ಬವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಸಮಾಧಿ ಇದ್ದದ್ದು ಕುಟುಂಬಕ್ಕೆ ಉಳಿದಿದ್ದ ಮೂರು ಗುಂಟೆಯಲ್ಲಿ. ಒಂದು ಕಡೆ ಟೆಕ್ ಪಾರ್ಕಿನ ಕಾಂಪೌಂಡು, ಇನ್ನೊಂದು ಕಡೆ ಕೊಳಚೆಯ ಕಾಲುವೆ. ಹಸಿ ಮಣ್ಣಿನ ಗುಡ್ಡೆಯ ಮುಂದೆ ಬಾಳೆ ಎಲೆ ಹಾಸಿ ಎಡೆ ಇಟ್ಟರು. ಮುದ್ದೆಯ ಪಕ್ಕದಲ್ಲೇ, ಇನ್ನೂ ಅಂಟಂಟಾಗಿದ್ದ ಕಾರು ನಿಂತಿತು. ನಲವತ್ತು ಜನ ನೆಂಟರು ದೂರ ಸರಿದು ಕೈಮುಗಿದರು.

ಟೆಕ್ ಪಾರ್ಕಿನ ಗಾಜಿನ ಗೋಡೆಯ ಅಂಚಿನಲ್ಲಿ ಆರು ಕಾಗೆ ಕೂತಿದ್ದವು. ಒಂದೂ ಕದಲಲಿಲ್ಲ.

ಮೂರೂವರೆ ಆಯಿತು. ಮೂರೂ ಮುಕ್ಕಾಲಾಯಿತು.

"ಮುನಿಸ್ಕಂಡವ್ನೆ," ಎಂದರು ಯಾರೋ. ಕಾಗೆ ಬರದಿದ್ದರೆ ಸತ್ತವರಿಗೆ ಏನೋ ಕೊರಗಿದೆ ಎಂದರ್ಥ. ಕೊರಗೇನೆಂದು ಊಹಿಸಿ ಮಾತು ಕೊಡುತ್ತ ಹೋಗಬೇಕು, ಸರಿಯಾದ ಮಾತಿಗೆ ಕಾಗೆ ಇಳಿಯುತ್ತದೆ.

"ಅಪ್ಪಾ, ಅವ್ವನ್ನ ಚೆನ್ನಾಗಿ ನೋಡ್ಕತೀನಿ," ಎಂದರು ವೆಂಕಟೇಶಪ್ಪ. ಕಾಗೆ ಬರಲಿಲ್ಲ.

"ತಂಗಿ ಪಾಲು ತಂಗೀಗ್ ಕೊಡ್ತೀನಿ." ತಂಗಿ ತಲೆ ಎತ್ತಿ ನೋಡಿದಳು. ಕಾಗೆ ನೋಡಲಿಲ್ಲ.

"ಕುಡಿಯೋದು ಬಿಡ್ತೀನಿ." ಒಂದು ಕಾಗೆ ಹಾರಿ ಇನ್ನೂ ದೂರ ಕೂತಿತು.

ಜನರ ಕಣ್ಣು ಈಗ ಅಮರೇಶನ ಮೇಲೆ ಬೀಳತೊಡಗಿದವು. "ಆ ಹಸ್ರು ಕಾರು ಇಟ್ಟಿದ್ಕೇ ಬರ್ತಿಲ್ಲ," ಎಂಬ ಪಿಸುಮಾತು ಬೆನ್ನಿಗೆ ತಾಗಿತು. ಅಮರೇಶ ಯೋಚಿಸಿದ. ಥಿನ್ನರಿನ ಆವಿ ಗಾಳಿಗಿಂತ ಭಾರ. ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ಗಾಳಿ ಕಾಲುವೆಯ ಕಡೆಯಿಂದ ಬರುತ್ತಿತ್ತು, ಕಾರಿನ ನಾತವೆಲ್ಲ ಎಡೆಯ ಮೇಲೇ ಹಾಯುತ್ತಿತ್ತು. ಕಾಗೆಗೆ ವಾಸನೆ ಎಷ್ಟು ತಿಳಿಯುತ್ತದೋ ಅವನಿಗೆ ಗೊತ್ತಿರಲಿಲ್ಲ. ಆದರೆ ಒಂದು ಬದಲಾವಣೆ ಮಾಡಿ ನೋಡಬಹುದಿತ್ತು. ಒಂದೇ ಒಂದು.

ಎಲ್ಲರೂ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದಾಗ ಅವನು ಕುಕ್ಕರಗಾಲಲ್ಲಿ ಮುಂದೆ ಸರಿದ. ಕಾರನ್ನು ಎರಡು ಬೆರಳಲ್ಲಿ ಹಿಡಿದು, ನಾತ ಎಡೆಗೆ ತಾಗದಂತೆ ಎಲೆಯ ಆಚೆ ತುದಿಗಿಟ್ಟ. ಹಿಂದೆ ಸರಿದು ನಿಂತು ಕೈಮುಗಿದ.

ಅದೇ ಹೊತ್ತಿಗೆ ವೆಂಕಟೇಶಪ್ಪ ಎದೆ ಬಿರಿಯುವಂತೆ ಕೂಗಿದರು: "ಅಪ್ಪಾ! ನಿನ್ ಕಾರಿನ ಜಾಗ ನಿಂಗೇ ಬಿಟ್ಕೊಡ್ತೀನಿ ಕಣಪ್ಪಾ! ಮೊದ್ಲಿನಂಗೇ ಷೆಡ್ ಮಾಡಿ, ಇದೇ ಕಾರು ನಿಲ್ಲಿಸ್ತೀನಿ!"

ಕಾಗೆ ಇಳಿಯಿತು. ಒಂದಲ್ಲ, ಆರೂ. ಮೊದಲನೆಯದು ಕಾರಿನ ನಗ್ಗಿದ ಟಾಪಿನ ಮೇಲೇ ಕೂತು ಕೋಳಿ ತುಂಡಿಗೆ ಕೊಕ್ಕು ಹಾಕಿತು. ನಲವತ್ತು ಜನ ಒಟ್ಟಿಗೆ ಗೋಳೋ ಎಂದರು.

ವೆಂಕಟೇಶಪ್ಪ ಓಡಿಬಂದು ಅಮರೇಶನ ಎರಡೂ ಕೈ ಹಿಡಿದರು. "ಒಪ್ಕಂಬುಟ್ಟ ಸಾರ್! ಆ ಜಾಗ ತೋರ್ಸಿ ಪುಣ್ಯ ಕಟ್ಕಂಡ್ರಿ. ನೀವು ಕೆರೀದೇ ಇದ್ದಿದ್ರೆ ನಂಗೆ ಹೊಳೀತಾನೇ ಇರ್ಲಿಲ್ಲ. ಒಂದನೇ ತಾರೀಕಿಗೆ ಖಾಲಿ ಮಾಡ್ಕೊಡಿ."

"ಸಾರ್... ಕಾರು ಇರೋದು ಗೇಣುದ್ದ."

"ಕಾರು ಗೇಣುದ್ದ. ಕಾಗೆ ಮುಂದೆ ಕೊಟ್ಟ ಮಾತು ಗೇಣುದ್ದನಾ?" ವೆಂಕಟೇಶಪ್ಪ ಅವನ ಭುಜ ತಟ್ಟಿದರು. "ನಿಮ್ಮನ್ನೇನು ಬೀದೀಗೆ ಬಿಡಲ್ಲ. ಮೂರನೇ ಮಹಡಿ ಹಿಂದ್ಗಡೆ ಖಾಲಿ ಐತೆ. ಲಿಫ್ಟಿಲ್ಲ ಅನ್ನೋದೊಂದು ಬಿಟ್ರೆ ಗಾಳಿ ಚೆನ್ನಾಗಿ ಬರ್ತದೆ. ಅಪ್ಪನ ಕಾರಿಗೆ ಏನಾದ್ರೂ ಆದ್ರೆ ನೋಡ್ಕಳಕ್ಕೆ ನೀವೂ ಹತ್ರಾನೇ ಇರ್ತೀರ."

ಕಾಗೆಯನ್ನು ಕರೆದದ್ದು ನಿಮ್ಮ ಮಾತಲ್ಲ, ನಾನು ಕಾರು ಸರಿಸಿದ್ದು ಎಂದು ಹೇಳಲು ಅಮರೇಶ ಬಾಯಿ ತೆರೆದ. ನಲವತ್ತು ಒದ್ದೆ ಮುಖಗಳನ್ನು ನೋಡಿದ. ಹಾಗೆಂದರೆ ಸತ್ತವರ ಎಡೆಗೆ ಕೈ ಹಾಕಿದವನೆಂದು ಒಂದನೇ ತಾರೀಖಿನವರೆಗೂ ಇಟ್ಟುಕೊಳ್ಳುವುದಿಲ್ಲ. ಅಷ್ಟೇ ಅಲ್ಲ, ಎರಡು ಬದಲಾವಣೆ ಒಟ್ಟಿಗೆ ಆಗಿಹೋಗಿದ್ದವು. ಯಾವುದಕ್ಕೆ ಕಾಗೆ ಬಂತೋ ಅವನಿಗೂ ಖಾತ್ರಿಯಿರಲಿಲ್ಲ. ಮನೆಯ ಕಡೆ ಹೊರಟ.

ಮನೆಗೆ ಬಂದಾಗ ಮಹಾಂತಮ್ಮ ಕುರ್ಚಿಯಲ್ಲೇ ಕೂತಿದ್ದಳು.

"ಕಾಗಿ ಮುಟ್ತೇನಪಾ?"

"ಮುಟ್ತವ್ವ."

"ಪುಣ್ಯಾತು ನೋಡು. ಇನ್ನ ಮನೀ ಚಿಂತಿ ಹೋತು."

ಅವನು ಏನಾದರೂ ಹೇಳುವ ಮೊದಲೇ ಹರ್ಷವರ್ಧನ್ ಅಳತೆಯ ಟೇಪು ಎಳೆಯುತ್ತ ಒಳಗೆ ಬಂದ. ಅವನ ಮುಖವೂ ಸಪ್ಪಗಿತ್ತು. ಜಿಮ್ಮೂ ಕಾಗೆಯ ಪಾಲಾಗಿತ್ತು. ಮಹಾಂತಮ್ಮನ ಮಂಚವನ್ನು ಇನ್ನೊಂದಿಷ್ಟು ದೂಡಿ, ಕೆರೆದ ಗೋಡೆಯನ್ನು ತಟ್ಟಿ ನೋಡಿದ.

"ಗುರು, ತಾತನ ಷೆಡ್ಡಿಗೆ ಹಸಿರೇ ಹೊಡೀಬೇಕಂತೆ. ಗೋಡೇಗೂ ಮೊದ್ಲು ಪ್ರೈಮರ್ ಬೇಕಲ್ವಾ? ನೀನೇ ಹೇಳು, ಬಿಳೀದಾ, ಬೂದೀದಾ?"

ಕಿಟಕಿಯಲ್ಲಿ ಮೂವತ್ತೆರಡು ಚಮಚಗಳು ನಿಂತಿದ್ದವು. ಕೊನೆಯದು ಚೆನ್ನಾಗಿ ಒಣಗಿತ್ತು. ಬೂದಿಯ ಮೇಲೆ ಹಸಿರು, ಅವನು ಅಂದುಕೊಂಡದ್ದಕ್ಕಿಂತಲೂ ಸೊಗಸಾಗಿ ಕೂತಿತ್ತು.

"ಯಾವುದಾದ್ರೂ ಒಂದು ಹೊಡಿಯಪ್ಪ," ಎಂದ ಅಮರೇಶ.