ಥ್ರೆಲ್‌ಫಾಲ್ ವಕೀಲರಿಗೆ ಬೇಡ ಎಂದದ್ದು

ಕ್ಲಿಫರ್ಡ್ ಎಂಟ್‌ವಿಸ್ಲ್ ಬೆಳಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಾಗ ಮನೆ ಏಜೆಂಟ್ ಗ್ಯಾವಿನ್ ಫೋನು ಮಾಡಿದ. ಮಾರಾಟದ ಕಾಗದಪತ್ರ ನೋಡಿಕೊಳ್ಳುವ ನಿಮ್ಮ ವಕೀಲರು ಯಾರೆಂದು ಸಂಜೆಯೊಳಗೆ ಹೇಳದಿದ್ದರೆ ಕೊಳ್ಳುವವರು ಬೇರೆ ಮನೆ ನೋಡಿಕೊಳ್ಳುತ್ತಾರೆ ಎಂದು ಹೇಳಿ ಫೋನಿಟ್ಟ. ಅಲ್ಲಿಗೆ ತಿಂಡಿ ಕೆಟ್ಟಿತು.

ಕ್ಲಿಫರ್ಡ್ ಮನೆ ಮಾರುತ್ತಿದ್ದದ್ದು ಶೋಕಿಗಲ್ಲ. ಹೆಂಡತಿ ಡೊರೀನಳ ಮಂಡಿಗಳು ಕೈಕೊಟ್ಟಿದ್ದವು. ಲ್ಯಾಂಕಾಶೈರಿನ ಗುಡ್ಡದ ಬೀದಿಯ ಆ ಮನೆಯಲ್ಲಿ ಮಲಗುವ ಕೋಣೆ, ಬಚ್ಚಲು ಎರಡೂ ಮಹಡಿಯ ಮೇಲೆ. ಸಮುದ್ರದ ಪಕ್ಕ, ಮೋರ್ಕಮ್‌ನಲ್ಲಿ, ಒಂದು ಮೆಟ್ಟಿಲೂ ಇಲ್ಲದ ಪುಟ್ಟ ಮನೆಯೊಂದನ್ನು ನೋಡಿಟ್ಟಿದ್ದರು. ಚಳಿಗಾಲಕ್ಕೆ ಮೊದಲೇ ಡೊರೀನಳನ್ನು ಅಲ್ಲಿಗೆ ಸೇರಿಸಿಬಿಡಬೇಕು, ಅಷ್ಟೇ ಅವನ ಆಸೆ.

ವಕೀಲರಿಗೇನೂ ಬರವಿರಲಿಲ್ಲ. ಊರಲ್ಲೇ ಥ್ರೆಲ್‌ಫಾಲ್ ಇದ್ದರಲ್ಲ, ಅದೇ ಪೀಕಲಾಟ. ಕ್ಲಿಫರ್ಡನ ಜೊತೆ ಹುಲ್ಲಿನ ಮೇಲೆ ಚೆಂಡುರುಳಿಸುವ ಬೌಲ್ಸ್ ಆಟ ಆಡುವವರು, ಅವನ ತಾಯಿಯ ಉಯಿಲು ಬರೆದುಕೊಟ್ಟವರು, ಬಂಗಾರದಂಥ ಮನುಷ್ಯ. ಕೆಲಸ ಮಾತ್ರ ಆಮೆಗೂ ಆಕಳಿಕೆ ಬರುವಂಥದ್ದು. ಪಕ್ಕದ ಮನೆಯ ಮಿಸೆಸ್ ಹಾರ್‌ಗ್ರೀವ್ಸ್ ಬಟ್ಟೆ ಒಣಹಾಕುತ್ತಾ ಗೋಡೆಯಾಚೆಯಿಂದಲೇ ಎಚ್ಚರಿಸಿದಳು.

"ನನ್ನ ತಂಗಿ ಮನೆ ಕೊಳ್ಳೋಕೆ ಅವರ ಹತ್ರ ಹೋದಾಗ ಬಸುರಿ. ಕೀಲಿ ಕೈಗೆ ಸಿಗೋ ಹೊತ್ತಿಗೆ ಮಗು ಸ್ಕೂಲಿಗೆ ಹೋಗ್ತಿತ್ತು. ಪಕ್ಕದ ಬೀದಿಯವರಿಗೂ ಅಂಚೇಲೇ ಕಾಗದ ಬರಿಯೋ ಮನುಷ್ಯ ಅದು. ಬರ್ನ್ಲಿ ಪೇಟೇಲಿ ಸಗ್ಡನ್ ಮೇಡಂ ಅಂತ ವಕೀಲರಿದ್ದಾರೆ, ಬೆಂಕಿಚೆಂಡು. ಸುಮ್ನೆ ಅಲ್ಲಿಗೆ ಹೋಗು."

ಹೋಗಬಹುದಿತ್ತು. ಆದರೆ ಥ್ರೆಲ್‌ಫಾಲರಿಗೆ ಹೇಳುವವರು ಯಾರು? ಕ್ಲಿಫರ್ಡ್ ಹುಟ್ಟಿದಾಗಿನಿಂದ ಯಾರ ಮುಖಕ್ಕೂ ಬೇಡ ಎಂದವನಲ್ಲ. ಆ ಒಂದು ಮಾತು ಬಾಯಿಗೆ ಬಾರದೆ ಇಬ್ಬರು ಕಿಟಕಿ ಒರೆಸುವವರನ್ನು ಇಟ್ಟುಕೊಂಡಿದ್ದ ಪುಣ್ಯಾತ್ಮ. ಮಂಗಳವಾರ ಒಬ್ಬ ಒರೆಸಿಹೋದ ಗಾಜನ್ನೇ ಬುಧವಾರ ಇನ್ನೊಬ್ಬ ಒರೆಸುತ್ತಿದ್ದ.

ಕದ್ದು ಹೋಗೋಣವೆಂದರೆ ಬರ್ನ್ಲಿಯ ಬಸ್ಸು ನಿಲ್ಲುವುದು ಥ್ರೆಲ್‌ಫಾಲರ ಕಚೇರಿಯ ಬಾಗಿಲಿಗೇ. ಕ್ಲಿಫರ್ಡ್ ಟೋಪಿ ಕೆಳಗೆಳೆದು, ಅಂಚೆ ಡಬ್ಬಿಯ ಹಿಂದೆ ನಿಂತ. ಹೊಟ್ಟೆ ಮಾತ್ರ ಡಬ್ಬಿಗಿಂತ ಮುಂದಿತ್ತು. ಕಾಗದ ಹಾಕಲು ಬಂದ ಥ್ರೆಲ್‌ಫಾಲರು ಅವನನ್ನು ನೋಡಿ, ಮನೆ ವಿಷಯ ತಾನೇ, ನಿನ್ನೆಯಿಂದ ಕಾಯುತ್ತಿದ್ದೆ ಎಂದು ಕೈಹಿಡಿದು ಒಳಗೆ ಕರೆದೊಯ್ದರು.

ಟೀ ಬಂತು, ಬಿಸ್ಕತ್ತು ಬಂತು. ಥ್ರೆಲ್‌ಫಾಲರು ಶಾಯಿ ಪೆನ್ನು ತೆಗೆದು, ನಿಬ್ಬು ಒರೆಸಿ, ಹುಟ್ಟಿನಿಂದ ಬಲ್ಲ ಮನುಷ್ಯನ ಹೆಸರನ್ನೇ ಕೇಳಿ ಕೇಳಿ ಬರೆಯತೊಡಗಿದರು. ಅವರು ವಿಳಾಸಕ್ಕೆ ಬರುವಷ್ಟರಲ್ಲಿ ಒಂದು ಬಸ್ಸು ಹೋಯಿತು. ಪಿನ್‌ಕೋಡಿನ ಹೊತ್ತಿಗೆ ಇನ್ನೊಂದು. ಬೆಳಗ್ಗೆ ಡೊರೀನ್ ಕೂತು ಕೂತು ಮೆಟ್ಟಿಲಿಳಿದದ್ದು ಕ್ಲಿಫರ್ಡನ ಕಣ್ಣಿಗೆ ಕಟ್ಟಿತು. ಅವನು ಎದ್ದು ನಿಂತ.

"ಬೇಡ, ಮಿಸ್ಟರ್ ಥ್ರೆಲ್‌ಫಾಲ್," ಎಂದ. ಧ್ವನಿ ಅವನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. "ನಾನು ಸಗ್ಡನ್ ಮೇಡಂ ಹತ್ರ ಹೋಗ್ತೀನಿ. ನೀವು ಒಳ್ಳೇವ್ರು, ಆದ್ರೆ ತುಂಬಾ ನಿಧಾನ. ಡೊರೀನ್ ಮಂಡಿ ಅಲ್ಲೀತನಕ ಕಾಯಲ್ಲ."

ಥ್ರೆಲ್‌ಫಾಲರು ಪೆನ್ನಿಗೆ ಮುಚ್ಚಳ ಹಾಕಿದರು. "ಸರಿ ಕ್ಲಿಫರ್ಡ್, ಹಾಗೇ ಆಗ್ಲಿ. ಬಿಸ್ಕತ್ತು ತಿಂದು ಹೋಗಿ," ಎಂದರು. ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕ್ಲಿಫರ್ಡ್ ಮೂಗು ಒರೆಸಿಕೊಂಡ. ಸಗ್ಡನ್ ಮೇಡಂ ಮಾತ್ರ ಹೇಳಿದಂತೆಯೇ ಬೆಂಕಿಚೆಂಡು. ಅವನು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಸಹಿ ಹಾಕಿಸಿಕೊಂಡು, ಗ್ಯಾವಿನ್‌ಗೆ ಸುದ್ದಿ ಮುಟ್ಟಿಸಿ, ಮುಂದಿನವರನ್ನು ಕರೆದಾಗಿತ್ತು. ಕ್ಲಿಫರ್ಡ್ ಯುದ್ಧ ಗೆದ್ದವನ ಹಾಗೆ ಮನೆಗೆ ಬಂದ.

ಡೊರೀನ್ ಅವನ ಕೆನ್ನೆಗೆ ಮುತ್ತಿಟ್ಟಳು. "ಎಲ್ಲ ಗೊತ್ತಾಯ್ತು. ಥ್ರೆಲ್‌ಫಾಲ್ ಫೋನ್ ಮಾಡಿದ್ರು, ಬೇಜಾರೇನಿಲ್ಲ ಅಂತ ಹೇಳೋಕೆ. ಪಾಪ, ಆ ಧ್ವನಿ ಕೇಳಿ ಕರುಳು ಚುರುಕ್ ಅಂತು ಕಣೋ. ಅದೃಷ್ಟ ನೋಡು, ಆಮೇಲೆ ಮಿಸೆಸ್ ಲೋಮ್ಯಾಕ್ಸ್ ಫೋನ್ ಬಂತು. ಅವರಿಗೂ ವಕೀಲರು ಬೇಕಂತೆ. ಥ್ರೆಲ್‌ಫಾಲ್ ಹೆಸರು ಕೊಟ್ಟೆ. ಇಬ್ಬರಿಗೂ ಎಷ್ಟು ಖುಷಿ ಅಂತೀಯ."

"ಯಾವ ಮಿಸೆಸ್ ಲೋಮ್ಯಾಕ್ಸ್?"

"ಅವರೇ, ಮೋರ್ಕಮ್‌ನಲ್ಲಿ ನಮಗೆ ಮನೆ ಮಾರ್ತಿರೋರು."

ಕ್ಲಿಫರ್ಡ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ತಮ್ಮ ಮನೆಯ ಕೀಲಿ, ಆ ಮನೆಯ ಕೀಲಿ, ಎರಡೂ ಒಂದೇ ದಿನ ಕೈ ಬದಲಾಗಬೇಕು. ಅತ್ತ ಥ್ರೆಲ್‌ಫಾಲರು ಮುಗಿಸುವ ತನಕ ಇತ್ತ ಸಗ್ಡನ್ ಮೇಡಂ ಎಷ್ಟು ಓಡಿದರೂ ನಿಂತಲ್ಲೇ ಓಡಬೇಕು. ಅದನ್ನು ಬಿಡಿಸಿ ಹೇಳಿದಾಗ ಡೊರೀನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಮಿಸೆಸ್ ಲೋಮ್ಯಾಕ್ಸ್‌ಗೆ ಫೋನ್ ಮಾಡಿ, ಥ್ರೆಲ್‌ಫಾಲ್ ಬೇಡ ಅಂದ್ಬಿಡು," ಎಂದ ಕ್ಲಿಫರ್ಡ್.

"ನಾನಾ? ಈಗ ತಾನೆ ಹೊಗಳಿದೀನಿ. ನೀನೇ ಹೇಳು, ನಿನಗೆ ಅಭ್ಯಾಸ ಆಗಿದೆಯಲ್ಲ."

ಇಬ್ಬರೂ ಫೋನನ್ನೇ ನೋಡುತ್ತ ಟೀ ಕುಡಿದರು. ಯಾರೂ ಕೈ ಚಾಚಲಿಲ್ಲ. ಆಮೇಲೆ ಡೊರೀನ್ ಮೆಟ್ಟಿಲ ಕಂಬಿ ಹಿಡಿದು ಮಹಡಿ ಹತ್ತತೊಡಗಿದಳು. ಕ್ಲಿಫರ್ಡ್ ದಿನದಂತೆ ಹಿಂದಿನಿಂದ ಅವಳಿಗೆ ಆಸರೆ ಕೊಟ್ಟ.