ಸ್ವಂತ ವಾಸದ ರಿಯಾಯಿತಿ

"ಇದರಲ್ಲಿ ಬಾಡಿಗೆ ಮನೆ ಅಂತ ಬರೆದಿದ್ದಾರಲ್ಲಪ್ಪಾ!"

ಕಾನೂನಣ್ಣ ತೆರಿಗೆ ಬಿಲ್ಲನ್ನು ಬಿಸಿಲಿಗೆ ಹಿಡಿದು, ಎಕ್ಸರೇ ನೋಡುವ ಡಾಕ್ಟರನಂತೆ ಕಣ್ಣು ಕಿರಿದು ಮಾಡಿದ. "ಯಜಮಾನನೇ ವಾಸ ಇದ್ರೆ ಅರ್ಧ ತೆರಿಗೆ. ಬಾಡಿಗೆಗೆ ಕೊಟ್ಟಿದ್ರೆ ಪೂರ್ತಿ. ಮಹಡಿ ಮೇಲೆ ಇನ್ನೊಂದು ಒಲೆ ಇರೋದನ್ನ ಯಾರೋ ನೋಡ್ಕೊಂಡು ಹೋಗಿದ್ದಾರೆ."

ಕಾನೂನಣ್ಣ ಪಕ್ಕದ ಮನೆಯವನು. ಕಾನೂನು ಓದಿದವನಲ್ಲ, ಒಮ್ಮೆ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿಬಂದಿದ್ದ, ಅಷ್ಟೆ.

ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕುವ ಬೈಂಡರನಿಗೆ ಆ ಬಿಲ್ಲಿಗಿಂತ ದೊಡ್ಡ ಚಿಂತೆಯೊಂದು ಮೆಟ್ಟಿಲ ಮೇಲೆ ಕೂತು ಬಟ್ಟೆ ಮಡಿಸುತ್ತಿತ್ತು. ಅದು ಮಹಡಿಯ ನರ್ಸಮ್ಮ. ಆಕೆಯ ಪಿಂಚಣಿ ಯಾವುದೋ ಕಡತದಲ್ಲಿ ಸಿಕ್ಕಿಬಿದ್ದು ಎರಡು ವರ್ಷವಾಗಿತ್ತು. ಅಂದಿನಿಂದ ಬೈಂಡರ್ ಬಾಡಿಗೆ ಮುಟ್ಟಿರಲಿಲ್ಲ. ಅವನ ತಾಯಿ ಹಾಸಿಗೆ ಹಿಡಿದಾಗ ಮೂರು ತಿಂಗಳು ಮಗ್ಗುಲು ಬದಲಿಸಿ, ಬಾಯಿಗೆ ನೀರು ಹನಿಸಿದ ಕೈ ಅದು. ಆ ಕೈಯಿಂದ ದುಡ್ಡು ಇಸಿದುಕೊಳ್ಳುವುದಾದರೂ ಹೇಗೆ?

"ನನ್ನಿಂದ ತಾನೇ ಜಾಸ್ತಿ ಬಂದಿದ್ದು?" ಎಂದರು ನರ್ಸಮ್ಮ. "ಇದು ಹೀಗೇ ನಿಂತ್ರೆ ನಾಳೆ ನಾನು ತಂಗಿ ಮನೆಗೆ ಹೊರಟೆ."

"ನಿಮ್ಮ ತಂಗಿ ನಿಮ್ಮ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತಲ್ಲಮ್ಮಾ!" ಎಂದಳು ಬೈಂಡರನ ಹೆಂಡತಿ.

"ಒಳ್ಳೇದೇ ಆಯ್ತು. ಮನೆ ನಿಶ್ಶಬ್ದವಾಗಿರುತ್ತೆ."

ಇದು ಸ್ವಂತ ವಾಸದ ಮನೆ ಎಂದು ಬೈಂಡರ್ ಆಗಲೇ ತಕರಾರು ಅರ್ಜಿ ಕೊಟ್ಟಾಗಿತ್ತು. ಇವತ್ತು ಹನ್ನೊಂದು ಗಂಟೆಗೆ ಕಂದಾಯ ಇನ್‌ಸ್ಪೆಕ್ಟರ್ ಬಂದು ಮನೆ ನೋಡುವವರಿದ್ದರು.

"ಬಾಡಿಗೆ ತಗೊಳ್ತಿಲ್ಲ ಅಂತ ಇದ್ದದ್ದು ಇದ್ದಹಾಗೆ ಹೇಳಿಬಿಟ್ರೆ?" ಎಂದ ಬೈಂಡರ್.

"ಬಾಡಿಗೆ ತಗೊಳ್ಳದ ಮನೆ ಮಾಲೀಕ! ಬಾಲ ಇರೋ ಮನುಷ್ಯ ಅಂದ್ರೂ ನಂಬಿಯಾರು, ಇದನ್ನ ನಂಬಲ್ಲ," ಎಂದ ಕಾನೂನಣ್ಣ. "ನರ್ಸಮ್ಮ ನಿನ್ನ ತಾಯಿ ಅನ್ನೋಣ. ಒಂದೇ ಕುಟುಂಬ, ಅರ್ಧ ತೆರಿಗೆ!"

"ನಾನು ಸುಳ್ಳು ಹೇಳೋಳಲ್ಲ," ಎಂದರು ನರ್ಸಮ್ಮ.

"ನೀವೇನೂ ಹೇಳ್ಬೇಡಿ. ಸುಮ್ಮನೆ ಕೂತಿರಿ, ಸಾಕು."

ಶುರುವಾಯಿತು ಗಡಿಬಿಡಿ. ನರ್ಸಮ್ಮನ ಮಂಚ ಕೆಳಗಿನ ದೊಡ್ಡ ಕೋಣೆಗೆ ಬಂತು. ಅವರ ಕುರ್ಚಿ ಹಜಾರದ ನಡುವೆ ಸಿಂಹಾಸನದಂತೆ ಕೂತಿತು. ಬೈಂಡರನ ಕತ್ತರಿ, ರಟ್ಟು, ಒತ್ತುಯಂತ್ರಗಳೆಲ್ಲ ಹಿತ್ತಿಲಿಗೆ ಹೋದವು. ಅಷ್ಟಕ್ಕೇ ಬಿಡುವ ಆಳಲ್ಲ ಕಾನೂನಣ್ಣ. ಗೋಡೆಯ ಮೇಲಿದ್ದ ಬೈಂಡರನ ಅಪ್ಪನ ಫೋಟೋ ಇಳಿಸಿ, ತೀರಿಹೋಗಿದ್ದ ನರ್ಸಮ್ಮನ ಗಂಡನ ಫೋಟೋ ತೂಗುಹಾಕಿದ.

"ಅಣ್ಣಾ, ಅದ್ಯಾಕೆ?"

"ಅಮ್ಮ ಇವರಾದ್ಮೇಲೆ ಅಪ್ಪ ಅವರೇ ಆಗ್ಬೇಕಲ್ಲೋ ಪೆದ್ದಾ!"

ಹನ್ನೊಂದಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಬಂದರು. ಮೃದು ಮುಖದ ಮನುಷ್ಯ. ಪುಸ್ತಕ ಬಿಚ್ಚಿದರು. ಅದರಲ್ಲಿ ಮನೆ ಇನ್ನೂ ಬೈಂಡರನ ಅಪ್ಪನ ಹೆಸರಿನಲ್ಲೇ ಇತ್ತು. ಬದಲಾಯಿಸಲು ಇವನಿಗೆ ಪುರುಸೊತ್ತಾಗಿರಲಿಲ್ಲ. ಇನ್‌ಸ್ಪೆಕ್ಟರ್ ಹೆಸರನ್ನೂ ನೋಡಿದರು, ಗೋಡೆಯನ್ನೂ ನೋಡಿದರು.

"ಇವರೇನಾ ಮನೆ ಯಜಮಾನರು?"

"ಅವರೇ ಸಾರ್!" ಎಂದ ಕಾನೂನಣ್ಣ, ಕೇಳಿ ಮುಗಿಯುವ ಮೊದಲೇ.

"ನೀವು ಅವರ ಮನೆಯವರಾ ಅಮ್ಮಾ?"

ನರ್ಸಮ್ಮ ಗಂಡನ ಫೋಟೋ ನೋಡಿದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. "ಹೌದಪ್ಪ. ಮೂವತ್ತೊಂದು ವರ್ಷ ಬಾಳಿದೆ."

ಬೈಂಡರನ ಎದೆ ತುಸು ಹಗುರಾಯಿತು.

"ಇವರು ನಿಮ್ಮ ಮಗನಾ?"

ಕಾನೂನಣ್ಣ ಹಿಂದಿನಿಂದ ನರ್ಸಮ್ಮನಿಗೆ ಕಣ್ಣುಸನ್ನೆ ಮಾಡಿದ.

"ಇಲ್ಲ," ಎಂದರು ನರ್ಸಮ್ಮ. "ನನಗೆ ಮಕ್ಕಳಾಗಲಿಲ್ಲ."

ಕಾನೂನಣ್ಣನಿಗೆ ಒಮ್ಮೆಲೇ ಕೆಮ್ಮು ಬಂತು. ಇನ್‌ಸ್ಪೆಕ್ಟರ್ ಪೆನ್ನು ಎತ್ತಿ, ಬೈಂಡರನನ್ನೊಮ್ಮೆ ನೋಡಿ, ಮತ್ತೆ ನರ್ಸಮ್ಮನತ್ತ ತಿರುಗಿದರು. "ಓಹೋ. ಹಾಗಾದ್ರೆ ಬಾಡಿಗೆ ಎಷ್ಟಮ್ಮಾ?"

"ಬಾಡಿಗೆನಾ? ಎರಡು ವರ್ಷದಿಂದ ಒಂದು ಕಾಸೂ ಇಲ್ಲಪ್ಪ."

"ಎರಡು ವರ್ಷ!" ಇನ್‌ಸ್ಪೆಕ್ಟರ್ ಮುಖದ ಮೃದುತನವೆಲ್ಲ ಹಾರಿಹೋಯಿತು. "ಏನ್ರೀ, ಒಂಟಿ ಹೆಂಗಸು ಅಂತ ಸದರಾನಾ? ಅವರ ಮನೇಲಿ ಕೂತು ಬಾಡಿಗೆ ಕೊಡದೆ, ಮೇಲಿಂದ ಸ್ವಂತ ವಾಸ ಅಂತ ಅರ್ಜಿ ಬೇರೆ ಹಾಕ್ತೀರಾ?"

ಬೈಂಡರ್ ಬಾಯಿ ತೆರೆದ. ಮನೆ ನನ್ನದು ಎಂದರೆ ಫೋಟೋದ ನಾಟಕ ಬಯಲಾಗುತ್ತದೆ. ನರ್ಸಮ್ಮ ಬಾಡಿಗೆಯವರು ಎಂದರೆ ಅವರು ನಾಳೆಯೇ ಹೊರಡುತ್ತಾರೆ. ತೆರೆದ ಬಾಯನ್ನು ಹಾಗೆಯೇ ಮುಚ್ಚಿದ.

ಇನ್‌ಸ್ಪೆಕ್ಟರ್ 'ಬಾಡಿಗೆ ಮನೆ, ಪೂರ್ತಿ ತೆರಿಗೆ' ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಲೇ ಬರೆದರು. ಎದ್ದವರು ನರ್ಸಮ್ಮನೆದುರು ಬಾಗಿದರು.

"ಒಂದು ಮಾತು ಅಮ್ಮಾ. ಏನೇ ಆದ್ರೂ ಈ ಮನೆ ಬಿಟ್ಟು ಕದಲಬೇಡಿ. ನೀವು ಆ ಕಡೆ ಹೋದ್ರೆ ಇಂಥವರು ಈ ಕಡೆ ಮನೆ ನುಂಗಿಬಿಡ್ತಾರೆ. ತಿಂಗಳಿಗೊಮ್ಮೆ ನಾನೇ ಬಂದು ನಿಮ್ಮನ್ನ ನೋಡ್ಕೊಂಡು ಹೋಗ್ತೀನಿ. ಮಾತು ಕೊಡಿ."

ನರ್ಸಮ್ಮ ಬೈಂಡರನ ಬಾಡಿದ ಮುಖವನ್ನೊಮ್ಮೆ ನೋಡಿದರು. "ಆಯ್ತಪ್ಪ. ಹೋಗಲ್ಲ."

ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು. ಇನ್‌ಸ್ಪೆಕ್ಟರ್ ಬೆನ್ನು ತಿರುಗಿದ್ದೇ ತಡ, ಕಾನೂನಣ್ಣ ಮೇಲ್ಮನವಿಯ ನಿಯಮ ಹುಡುಕುವ ನೆಪದಲ್ಲಿ ಮಾಯವಾದ.

"ಪೂರ್ತಿ ತೆರಿಗೆ ಹಾಗೇ ಉಳೀತಲ್ಲಮ್ಮಾ," ಎಂದ ಬೈಂಡರ್. "ನನ್ನ ಮನೇಲೇ ನಾನು ಬಾಡಿಗೆದಾರ ಆದೆ."

"ಅದೂ ಬಾಡಿಗೆ ಕೊಡದ ಬಾಡಿಗೆದಾರ. ಬಾ ಇಲ್ಲಿ, ಕೈ ತೋರ್ಸು."

ಅವನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಬಲಗೈ ಚಾಚಿದ. ನರ್ಸಮ್ಮ ಅದನ್ನು ಮಡಿಲಿಗೆಳೆದುಕೊಂಡು, ಬೆರಳ ಸಂದಿಯಲ್ಲಿ ಒಣಗಿದ್ದ ಗೋಂದನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆಯತೊಡಗಿದರು.