ಮುಟ್ಟಿದ ಮೇಲೊಂದು ಮಿಸ್ಡ್ ಕಾಲ್

ಗಡಿಯಾರವನ್ನು ಅತಿಯಾಗಿ ನಂಬಿ ಕೆಟ್ಟವರ ಪೈಕಿ ನಾನೂ ಒಬ್ಬ. ಒಮ್ಮೆ ಹೆಂಡತಿ ಹಾಲನ್ನು ಒಲೆಯ ಮೇಲಿಟ್ಟು, "ಉಕ್ಕಿ ಬಂದ ಕೂಡಲೆ ಇಳಸ್ರಿ" ಎಂದು ಹೇಳಿ ಬಟ್ಟೆ ಒಣಹಾಕಲು ಹೋದಳು. ನಾನು ಮೊಬೈಲಿನಲ್ಲಿ ಐದು ನಿಮಿಷಕ್ಕೆ ಅಲಾರಂ ಇಟ್ಟು ಪೇಪರ್ ಹಿಡಿದು ಕುಳಿತೆ. ಹಾಲು ನಾಲ್ಕೇ ನಿಮಿಷಕ್ಕೆ ಉಕ್ಕಿತು. ಅಲಾರಂ ಮಾತ್ರ ಸರಿಯಾದ ಹೊತ್ತಿಗೇ ಹೊಡೆಯಿತಲ್ಲ ಎಂದು ನಾನು ವಾದ ಮಾಡಿದೆ. ಒಲೆ ಒರೆಸಿದವನೂ ನಾನೇ.

ಗಂಗಾವತಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹುಟ್ಟಿದ್ದು ಕುಷ್ಟಗಿ ಕಡೆಯ ಒಣಬೇಸಾಯದ ಊರಲ್ಲಿ. ಮದುವೆಯಾಗುವವರೆಗೆ ಕಾಲುವೆ ಎಂದರೆ ಪುಸ್ತಕದ ಚಿತ್ರ ಅಷ್ಟೇ. ಅಂಥವನು ಕಾಲುವೆಯ ಮೇಲೊಂದು ಕಂಪ್ಯೂಟರ್ ಆಟ ಕಟ್ಟಲು ಹೊರಟೆ. ಗೇಮ್ ಎಂಜಿನ್ ಅಂತ ಒಂದು ತಂತ್ರಾಂಶ ಇದೆ. ಪರದೆಯ ಮೇಲಿನ ಯಾವ ವಸ್ತು ಯಾವಾಗ, ಹೇಗೆ ಚಲಿಸಬೇಕೆಂದು ಬರೆದುಕೊಟ್ಟರೆ ಅದು ಹಾಗೆಯೇ ಕುಣಿಯುತ್ತದೆ. ನಾನು ಬರೆದುಕೊಟ್ಟೆ: ಆಡುವ ಮಗು ಗುಂಡಿ ಒತ್ತಿದರೆ ಕಾಲುವೆಯ ಗೇಟು ಏಳಬೇಕು, ಐದು ಸೆಕೆಂಡಿನಲ್ಲಿ ನೀರು ಕೊನೆಯ ಗದ್ದೆ ತುಂಬಬೇಕು, ಆರಕ್ಕೆ ಗೇಟು ಇಳಿಯಬೇಕು, ಏಳಕ್ಕೆ ಭತ್ತ ಹಸಿರಾಗಬೇಕು, ಎಂಟಕ್ಕೆ ಬೆಳ್ಳಕ್ಕಿ ಹಾರಬೇಕು. ಮನೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಹೇಳಿದಂತೆ ನಡೆಯಿತು. ಹೆಡ್ಮಾಸ್ಟರು ಖುಷಿಯಾಗಿ ಶನಿವಾರ ಪಾಲಕರನ್ನೂ ಕರೆದುಬಿಟ್ಟರು. ಪಾಲಕರೆಂದರೆ ಹೆಚ್ಚುಕಡಿಮೆ ಎಲ್ಲರೂ ಕಾಲುವೆ ನೀರಿನ ರೈತರು.

ಶುಕ್ರವಾರ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ನೀರು ಅರ್ಧ ದಾರಿಗೆ ಬರುವಷ್ಟರಲ್ಲಿ ಗೇಟು ಇಳಿಯಿತು. ಒಣಗಿದ ಗದ್ದೆ ಹನಿ ನೀರಿಲ್ಲದೆ ಹಸಿರಾಯಿತು. ಬೆಳ್ಳಕ್ಕಿಯೂ ಹಾರಿತು. ಗೇಟು ಇಳಿಯುವ ಆರನ್ನು ಎಂಟು ಮಾಡಿದೆ, ಹತ್ತು ಮಾಡಿದೆ. ಆ ಯಂತ್ರ ಒಂದೊಂದು ಸಲ ಒಂದೊಂದು ವೇಗದಲ್ಲಿ ಹೋಗುತ್ತಿತ್ತು. ನೀರು ಕಟ್ಟುತ್ತಲೇ ಕೂದಲು ನೆರೆತವರ ಮುಂದೆ ನಾಳೆ ನನ್ನ ಮರ್ಯಾದೆ ಹೋಗುವುದು ಖಂಡಿತವಾಯಿತು. ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ತಂದೆ.

ಅವತ್ತು ಸಿದ್ದಾಪುರದಿಂದ ಮಾವ ಬಂದಿದ್ದರು. ಅವರ ಗದ್ದೆ ಕಾಲುವೆಯ ಕೊನೆಯಲ್ಲಿದೆ. ಅಳಿಯನ ತಪ್ಪನ್ನು ಅಳಿಯನಿಗೇ ಹೇಳುವ ಪದ್ಧತಿ ಅವರಲ್ಲಿಲ್ಲ. ನಾನು ಎರಡು ಮೊಳ ದೂರ ಕುಳಿತಿದ್ದರೂ ಅಡುಗೆಮನೆಯಲ್ಲಿರುವ ಮಗಳಿಗೇ ಹೇಳುತ್ತಾರೆ. ಅವತ್ತೂ ಪರದೆಯ ಮೇಲಿನ ಆಟವನ್ನು ನೋಡಿ ಮಗಳನ್ನೇ ಕೂಗಿದರು.

"ಯವ್ವಾ, ನೀರಿಲ್ದ ಭತ್ತ ಹಸರಾಗೂದಿದ್ರ ನಾವ್ಯಾಕ ಪಾಳಿ ಕಾಯಬೇಕು ಅಂತ ಕೇಳು."

"ನೀರು ಎಷ್ಟೊತ್ತಿಗೆ ಮುಟ್ಟತೈತಿ ಅನ್ನೋದ ತಿಳೀವಲ್ದ್ರಿ ಮಾವಾರ," ಎಂದೆ.

"ಯಾರಿಗೂ ತಿಳಿಯಂಗಿಲ್ಲ ಅಂತ ಹೇಳು. ಒಂದಿನ ಕಸ ಸಿಗತೈತಿ, ಒಂದಿನ ಮ್ಯಾಲಿನವ್ರು ಒಡ್ಡು ಹಾಕಿರ್ತಾರ. ಗಡಿಯಾರ ನೋಡಿ ಗೇಟ್ ಇಳಿಸಿದ್ರ ನಮ್ಮ ಗದ್ದಿ ಒಣಗೇ ಇರತೈತಿ. ಗದ್ದಿ ತುಂಬಿದ ಮ್ಯಾಲ ನಾನು ಗೇಟಿನ ಹತ್ರ ಇದ್ದವಗ ಒಂದು ಮಿಸ್ಡ್ ಕಾಲ್ ಕೊಡ್ತೀನಿ. ಅದು ಬಂದ ಮ್ಯಾಲನ ಅಂವ ಇಳಸ್ತಾನ."

ಎಂಜಿನ್ನಿನಲ್ಲೂ ಇದೇ ಏರ್ಪಾಡು ಇದೆ. ಒಂದು ಚಲನೆ ಮುಗಿದಾಗ ಅದು ಮುಂದಿನದಕ್ಕೆ ಸುದ್ದಿ ಕೊಡುವ ಹಾಗೆ ಬರೆಯಬಹುದು. ಕಲಿಯುವಾಗ ಆ ಪಾಠವನ್ನು, ನಮಗೇಕೆ ಈ ರಗಳೆ ಎಂದು ಹಾರಿಸಿದ್ದೆ. ಈಗ ಸೆಕೆಂಡುಗಳನ್ನೆಲ್ಲ ಅಳಿಸಿ, ಗದ್ದೆ ತುಂಬಿದಾಗ ಗೇಟಿಗೆ ಸುದ್ದಿ, ಗೇಟು ಇಳಿದಾಗ ಭತ್ತಕ್ಕೆ ಸುದ್ದಿ ಎಂದು ಬರೆದೆ. ಮುದಿ ಕಂಪ್ಯೂಟರ್ ಕುಂಟುತ್ತಲೇ ಎಲ್ಲವನ್ನೂ ಸರದಿಯಂತೆ ಮಾಡಿತು. ಮಾವನ ಗೌರವಕ್ಕೆಂದು ನಡುವೆ ಫೋನಿನ ಟ್ರಿಣ್ ಎಂಬ ಸದ್ದೊಂದನ್ನೂ ಸೇರಿಸಿದೆ.

ಶನಿವಾರ ಆ ಸದ್ದು ಬಂದಾಗ ಬೆಂಚಿನ ಮೇಲಿದ್ದ ರೈತರೆಲ್ಲ ನಕ್ಕರು. "ಹಿಂಗ ಇರೂದ್ರಿ ಮಾಸ್ತರ, ಬರೋಬ್ಬರಿ ಐತಿ," ಎಂದರೊಬ್ಬರು. ನನ್ನ ಕಣ್ಣು ತುಂಬಿತು. ಮನೆಗೆ ಬಂದು ಮಾವನಿಗೆ ಕೈಮುಗಿದು, ನೀವು ನನ್ನ ಮಾನ ಉಳಿಸಿದಿರಿ ಎಂದೆ.

ಅವರು ಮಗಳ ಕಡೆ ತಿರುಗಿದರು. "ಮಿಸ್ಡ್ ಕಾಲ್ ಯಾಕ ಕೊಡ್ತಾರ ಅಂತ ಅಳಿಯಂದ್ರಿಗೆ ತಿಳೀತಲ್ಲ, ಛಲೋ ಆತು."

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಸಿದ್ದಾಪುರದಿಂದ ನಾವು ಹೊರಡುವಾಗಲೆಲ್ಲ ಮಾವ ಬಾಗಿಲಿಗೆ ಬಂದು, "ಮನಿ ಮುಟ್ಟಿದ ಮ್ಯಾಲ ಒಂದು ಮಿಸ್ಡ್ ಕಾಲ್ ಕೊಡ್ರಿ" ಎನ್ನುತ್ತಾರೆ. ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ; ಗಡಿಯಾರ ನೋಡಿಕೊಂಡರೆ ಅವರಿಗೇ ತಿಳಿಯುತ್ತದಲ್ಲ ಎಂದು ಒಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಕೊಟ್ಟಿರಲಿಲ್ಲ. ನಾನು ಗಾಡಿ ನಿಲ್ಲಿಸುವುದರೊಳಗೆ ಇವಳು ಒಳಗೆ ಹೋಗಿ ಕೊಟ್ಟುಬಿಡುತ್ತಿದ್ದಳಂತೆ. ಅದು ಬರುವವರೆಗೆ ಮಾವ ಊಟಕ್ಕೆ ಕೂರುತ್ತಿರಲಿಲ್ಲವಂತೆ. ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮುಂದಿನ ಸಲ ಸಿದ್ದಾಪುರದಿಂದ ಬಂದವನೇ, ಹೆಲ್ಮೆಟ್ ಕೂಡ ತೆಗೆಯದೆ, ಹೆಂಡತಿಗಿಂತ ಮೊದಲು ನಾನೇ ಮಿಸ್ಡ್ ಕಾಲ್ ಕೊಟ್ಟೆ. ಮರುಕ್ಷಣವೇ ಮಾವ ತಿರುಗಿ ಫೋನ್ ಮಾಡಿದರು.

"ಏನಾತ್ರಿ ಅಳಿಯಂದ್ರ? ದಾರ್ಯಾಗ ಗಾಡಿ ಕೆಟ್ಟತೇನ್ರಿ?"

"ಏನೂ ಇಲ್ರಿ ಮಾವಾರ. ಅರಾಮ ಮನಿ ಮುಟ್ಟಿದ್ವಿ."



"ಒಂದೀಟು ಮಗಳ ಕೈಯಾಗ ಫೋನ್ ಕೊಡ್ರಿ," ಎಂದರು.